ಬೇರೆಯವರು ಮಾಡಿದ ಬ್ರೀಚ್ ಪ್ಲಗ್ ಹಾಕಿದ ಮೇಲೆ ಭಾವನ ಮಜಲ್‌ಲೋಡರ್ ತಡವಾಗಿ ಸಿಡಿಯುತ್ತಿದೆ, ಪ್ಲಗ್ಗೂ ಕಚ್ಚಿಕೊಂಡಿದೆ

ಭೋಸರಿ ಟರ್ನರ್

ಎಲ್ಲರಿಗೂ ನಮಸ್ಕಾರ. ನಾನು ಬೈಲಹೊಂಗಲದ ಕಡೆಯವನು. ಹದಿನಾಲ್ಕು ವರ್ಷದಿಂದ ಪುಣೆಯ ಭೋಸರಿ ಎಂಐಡಿಸಿಯಲ್ಲಿ ಲೇತ್ ಕೆಲಸ, ಅದರಲ್ಲೂ ಜಾಸ್ತಿ ಥ್ರೆಡ್ಡಿಂಗ್. ಕೋವಿ ಬಗ್ಗೆ ನನಗೆ ಗೊತ್ತಿರುವುದು ಅಷ್ಟಕ್ಕಷ್ಟೇ. ಆದರೆ ಅಕ್ಕನ ಗಂಡ ಓಹಾಯೋದಲ್ಲಿದ್ದಾರೆ, ಮೂಲತಃ ಶಿರಸಿಯವರು, ಅವರಿಗೆ ಬೇಟೆಯ ಹುಚ್ಚು. ಅಲ್ಲಿ ಜನವರಿಯಲ್ಲಿ ಬಾಯಿಯಿಂದ ತುಂಬುವ ಕೋವಿಗೆ, ಅಂದರೆ ಮಜಲ್‌ಲೋಡರ್‌ಗೆ ಅಂತಲೇ ಜಿಂಕೆ ಸೀಸನ್ ಇರುತ್ತದೆ. ಅದಕ್ಕೆ ಈಗಿನಿಂದಲೇ ತಯಾರಿ.

ಅವರ ಹತ್ತಿರ ಇರುವುದು .50 ಕ್ಯಾಲಿಬರ್‌ನ ಇನ್‌ಲೈನ್ ರೈಫಲ್. ಮದ್ದು ಗುಂಡು ನಳಿಗೆಯ ಬಾಯಿಯಿಂದಲೇ ತುಂಬಬೇಕು, ನೇರ ಹಿಂದೆ ಮದ್ದಿಗೆ ಬೆಂಕಿ ಹೊತ್ತಿಸುವ 209 ಪ್ರೈಮರ್. ನಮ್ಮೂರ ಕೇಪಿನ ಕೋವಿಯ ಓದಿದ ಮೊಮ್ಮಗ ಅನ್ನಿ. ನಳಿಗೆಯ ಹಿಂತುದಿ ಮುಚ್ಚಲು ಕಂಪನಿ ಕೊಟ್ಟ ಬ್ರೀಚ್ ಪ್ಲಗ್‌ನಲ್ಲಿ ಬೆಂಕಿ ಹಾಯುವ ಸಣ್ಣ ತೂತು ಸವೆದು ದೊಡ್ಡದಾಗಿತ್ತಂತೆ. ಆನ್‌ಲೈನಲ್ಲಿ ಬೇರೆ ಯಾರೋ ಮಾಡಿದ ಪ್ಲಗ್ ತರಿಸಿದರು. ಸ್ಟೇನ್‌ಲೆಸ್, ಫಿನಿಶಿಂಗ್ ಚೆನ್ನಾಗಿದೆ, ಫೋಟೋದಲ್ಲಿ ನಾನೂ ನೋಡಿದೆ.

ಹಾಕಿಕೊಂಡು ಶನಿವಾರ ರೇಂಜ್‌ಗೆ ಹೋದರು. ಮೊದಲ ಎರಡು ಗುಂಡು ಸರಿಯಾಗಿ ಹಾರಿದವು. ಮೂರನೆಯದಕ್ಕೆ ಟಕ್ ಅಂತ ಪ್ರೈಮರ್ ಸದ್ದು ಬಂತು, ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಏನೂ ಇಲ್ಲ, ಆಮೇಲೆ ಢಂ. ಏಳನೆಯದೂ ಹಾಗೆಯೇ. ಪ್ರೈಮರ್‌ನ ಹೊರಮೈಗೆಲ್ಲ ಮಸಿ, ಸ್ಕೋಪ್‌ನ ಕೆಳಗೂ ಮಸಿ. ಹತ್ತು ಗುಂಡು ಮುಗಿಸಿ ಮನೆಗೆ ಬಂದು ಪ್ಲಗ್ ಬಿಚ್ಚಲು ಹೋದರೆ ಅಲ್ಲಾಡುತ್ತಿಲ್ಲ. ರಾತ್ರಿಯಿಡೀ ಎಣ್ಣೆ ಬಿಟ್ಟು ಬೆಳಿಗ್ಗೆ ಹೊರಗೆ ಬಂತು. ನಂತರ ಅವರಪ್ಪ ಊರಲ್ಲಿ ಮಾಡುತ್ತಿದ್ದಂತೆ ಕುದಿಯುವ ನೀರು, ಸೋಪು ಹಾಕಿ ತೊಳೆದರು. ನೀರು ತಿಳಿಯಾಗಿ ಬಂದರೂ ಪ್ಲಗ್‌ನ ಒಳಗಿನ ಕಪ್ಪು ಹೊಪ್ಪಳಿಕೆ ಹಾಗೇ ಕೂತಿದೆ. ಕುದಿಯುವ ನೀರಿಗೂ ಬಗ್ಗದ ಮಸಿ ಎಂಥದ್ದು?

ಈಗ ಭಾವ ಹೇಳುತ್ತಾರೆ, "ನೀನೇ ಒಂದು ಪ್ಲಗ್ ಮಾಡಿಡು, ದೀಪಾವಳಿಗೆ ಬಂದಾಗ ತಗೊಂಡು ಹೋಗ್ತೀನಿ." ಡ್ರಾಯಿಂಗ್ ಕೂಡ ಕಳಿಸಿಬಿಟ್ಟಿದ್ದಾರೆ. ಸುಳ್ಳು ಯಾಕೆ, ನನಗೂ ಕೈ ತುರಿಸುತ್ತಿದೆ. ಗೊತ್ತಿರುವವರು ಹೇಳಿ.

ತೋಕ್‌ಪೂ

ಮೊದಲು ಕೊನೆಯ ಮಾತಿಗೆ ಉತ್ತರ. ಮಾಡಬೇಡಿ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಓದಿ. ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸುವುದು, ಮಾರುವುದು, ಬದಲಾಯಿಸುವುದು, ರಿಪೇರಿ ಮಾಡುವುದು, ಟೆಸ್ಟ್ ಮಾಡುವುದು ಎಲ್ಲ ಅದರೊಳಗೆ ಬರುತ್ತದೆ. ಬ್ರೀಚ್ ಪ್ಲಗ್ ಅಂದರೆ ಬೋಲ್ಟು ನಟ್ಟಲ್ಲ, ನಳಿಗೆಯ ಹಿಂಬಾಗಿಲು. ನಾನು ಕೊಡಗಿನವನು, ಸೈನ್ಯದಲ್ಲಿ ವರ್ಕ್‌ಶಾಪಿನಲ್ಲಿದ್ದೆ, ಈಗ ವಾನವಡಿಯಲ್ಲಿ ಮನೆ. ಕೊಡವರಾದ ನಮಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದ್ದಾರೆ. ಆದರೆ ಅದು ಇಟ್ಟುಕೊಳ್ಳುವುದಕ್ಕೆ, ಒಯ್ಯುವುದಕ್ಕೆ. ಲೇತ್ ಮೇಲೆ ಭಾಗ ಮಾಡುವ ವಿನಾಯಿತಿ ನಮಗೂ ಇಲ್ಲ. ನಿಮ್ಮ ಭಾವನ ದೇಶದಲ್ಲಿ ಕೇಂದ್ರದ ಕಾನೂನು ಬಾಯಿಯಿಂದ ತುಂಬುವ ಬಹುತೇಕ ಕೋವಿಗಳನ್ನು ಹಳೇ ವಸ್ತುವಿನ ಲೆಕ್ಕದಲ್ಲೇ ಇಡುತ್ತದೆ, ಅದಕ್ಕೆ ಅವರಿಗೆ ಇದೆಲ್ಲ ಸೈಕಲ್ ರಿಪೇರಿ ಥರ ಕಾಣುತ್ತದೆ. ಅವರ ಬ್ಯಾಗಿನಲ್ಲಿ ಆ ಪ್ಲಗ್ ಏರ್‌ಪೋರ್ಟ್‌ನಲ್ಲಿ ಸಿಕ್ಕಿದರೆ ನಿಮ್ಮ ಭೋಸರಿ ಶೆಡ್ಡಿನ ವಿಳಾಸ ಕೇಳುತ್ತಾರೆ.

ಈಗ ಕೋವಿ ವಿಷಯ. ತಡವಾಗಿ ಸಿಡಿಯುವುದನ್ನು ಹ್ಯಾಂಗ್‌ಫೈರ್ ಅನ್ನುತ್ತಾರೆ. ಟಕ್ ಅಂದು ಸುಮ್ಮನಾದರೆ ನಳಿಗೆ ಗುರಿಯ ಕಡೆಗೇ ಇರಬೇಕು, ಕನಿಷ್ಠ ಒಂದು ನಿಮಿಷ ಕದಲಬಾರದು. ಏನಾಯಿತು ಅಂತ ತಕ್ಷಣ ಮಡಚಿ ತೆರೆದು ನೋಡುವವರೇ ಜಾಸ್ತಿ, ಮುಖ ಸುಟ್ಟುಕೊಳ್ಳುವವರೂ ಅವರೇ. ನಿಮ್ಮ ಭಾವ ಏನು ಮಾಡಿದರು ಕೇಳಿ.

ಇನ್ನೊಂದು. ಪ್ಲಗ್ ಬದಲಾದ ಮೇಲೆ ಗುಂಡು ಒಳಗೆ ತಳ್ಳುವ ಗಜದ ಗುರುತು ಮತ್ತೆ ಹಾಕಿದರಾ? ಖಾಲಿ ನಳಿಗೆಗೆ ಗಜ ಇಳಿಸಿ ಬಾಯಿಯ ಮಟ್ಟದಲ್ಲಿ ಒಂದು ಗೀರು, ಮದ್ದು ಗುಂಡು ಸರಿಯಾಗಿ ಕೂತ ಮೇಲೆ ಇನ್ನೊಂದು ಗೀರು ಇರುತ್ತದಲ್ಲ. ಹೊಸ ಪ್ಲಗ್‌ನ ಮೂತಿ ಉದ್ದವೋ ಗಿಡ್ಡವೋ ಆದರೆ ಹಳೇ ಗೀರು ಸುಳ್ಳು ಹೇಳುತ್ತದೆ. ಗುಂಡು ಮದ್ದಿನ ಮೇಲೆ ಕೂರದೆ ನಡುವೆ ಜಾಗ ಉಳಿದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಯಾವ ಮದ್ದು, ಯಾವ ಪ್ರೈಮರ್ ಅಂತ ಬರೆಯಿರಿ. ಅದು ಗೊತ್ತಾಗದೆ ತೊಳೆಯುವ ಮಾತಿಗೆ ಅರ್ಥವಿಲ್ಲ.

ಡೊಂಬಿವಲಿ ಫಾಸ್ಟ್

ಕೋವಿ ನನಗೆ ಗೊತ್ತಿಲ್ಲ, ಲೋಹ ಗೊತ್ತು. ಟರ್ನರ್ ಅವರೇ, ಸ್ಟೇನ್‌ಲೆಸ್ ಮೇಲೆ ಸ್ಟೇನ್‌ಲೆಸ್ ಥ್ರೆಡ್ ಒಣದಾಗಿ ಬಿಗಿದರೆ ಕಚ್ಚುತ್ತದೆ ಅಂತ ನಿಮಗೆ ನಾನು ಹೇಳಬೇಕಾ? ಮೇಲ್ಪದರ ಸವೆದು ಲೋಹಕ್ಕೆ ಲೋಹ ಅಂಟಿಕೊಳ್ಳುತ್ತದೆ, ಆಮೇಲೆ ಸ್ಪ್ಯಾನರ್ ಹಾಕಿದಷ್ಟೂ ಹಾಳು. ಆಂಟಿ-ಸೀಜ್ ಗ್ರೀಸ್ ಹಚ್ಚಿದರಾ?

ಆದರೆ ಇಲ್ಲಿ ಅದೊಂದೇ ಅಲ್ಲ ಅನಿಸುತ್ತದೆ. ಒಂದು ರಾತ್ರಿ ಎಣ್ಣೆಗೆ ಬಿಟ್ಟುಕೊಂಡಿತು ಅಂದರೆ ಪೂರ್ತಿ ಕಚ್ಚಿಲ್ಲ, ಮಸಿಯಿಂದ ಸಿಕ್ಕಿಕೊಂಡಿದೆ. ಥ್ರೆಡ್ಡಿಗೆ ಮಸಿ ಹೋದದ್ದು ಹೇಗೆ? ಥ್ರೆಡ್ ಇರುವುದು ಪ್ಲಗ್ ಹಿಡಿದುಕೊಳ್ಳಲು. ಗ್ಯಾಸ್ ತಡೆಯುವುದು ಪ್ಲಗ್‌ನ ಮೂತಿ ನಳಿಗೆಯೊಳಗಿನ ಮೆಟ್ಟಿಲಿಗೆ ಒತ್ತಿ ಕೂರುವ ಆ ಸಣ್ಣ ಉಂಗುರದಷ್ಟು ಜಾಗ. ಅಲ್ಲಿ ಸೀಲ್ ಆಗಿಲ್ಲ. ಪ್ಲಗ್ ಮೂತಿಗೆ ಮಾರ್ಕಿಂಗ್ ಬ್ಲೂ ಹಚ್ಚಿ, ಅದಿಲ್ಲದಿದ್ದರೆ ಮಕ್ಕಳ ಮಾರ್ಕರ್ ಪೆನ್ ಸಾಕು, ಕೈಯಲ್ಲೇ ತಿರುಗಿಸಿ ಕೂರಿಸಿ ಬಿಚ್ಚಿ ನೋಡಲು ಹೇಳಿ. ಸುತ್ತಲೂ ಸಮನಾಗಿ ಬಣ್ಣ ಉಜ್ಜಿ ಹೋಗಿರಬೇಕು. ಒಂದು ಕಡೆ ಮಾತ್ರ ಹೋಗಿದ್ದರೆ ಮೂತಿ ಸೊಟ್ಟ ಇದೆ, ಇಲ್ಲವೇ ಮೆಟ್ಟಿಲ ಮೇಲೆ ಏನೋ ಕೂತಿದೆ. ಹಳೇ ಪ್ಲಗ್ ಕಾಲದ ಇಂಗಾಲದ ಬಳೆ ಅಲ್ಲೇ ಉಳಿದಿರುವ ಸಾಧ್ಯತೆ ಜಾಸ್ತಿ.

ಭೋಸರಿ ಟರ್ನರ್

ಇಬ್ಬರಿಗೂ ಧನ್ಯವಾದ. ತೋಕ್‌ಪೂ ಸರ್, ಡ್ರಾಯಿಂಗ್ ಡಿಲೀಟ್ ಮಾಡಿದೆ. ಭಾವನಿಗೆ ಸ್ವಲ್ಪ ಬೇಜಾರಾಯಿತು, ಇರಲಿ.

ಕೇಳಿದ್ದಕ್ಕೆ ಉತ್ತರ. ಮದ್ದು ಬ್ಲ್ಯಾಕ್‌ಹಾರ್ನ್ 209. ಪ್ರೈಮರ್ ಡಬ್ಬಿ ಮೇಲೆ ಮಜಲ್‌ಲೋಡರ್‌ಗಾಗಿಯೇ ಅಂತ ಬರೆದಿದೆ, ಅದನ್ನು ನೋಡಿಯೇ ತೆಗೆದುಕೊಂಡರಂತೆ. ಆಂಟಿ-ಸೀಜ್ ಹಚ್ಚಿಲ್ಲ, ಬದಲಿಗೆ ನಲ್ಲಿಗೆ ಸುತ್ತುವ ಟೆಫ್ಲಾನ್ ಟೇಪ್ ಐದಾರು ಸುತ್ತು ಹಾಕಿದ್ದಾರೆ. ಗಜದ ಗುರುತು ಹಳೆಯದೇ. ಹ್ಯಾಂಗ್‌ಫೈರ್ ಆದಾಗ ಕಾದರಾ ಅಂತ ಕೇಳಿದೆ, "ಮೊದಲ ಸಲ ಭಯಕ್ಕೆ ಕದಲಲಿಲ್ಲ" ಅಂದರು. ಭಯ ಒಳ್ಳೆಯದೇ ಮಾಡಿತು.

ಮಡಗಾಂವ್ ಮಳೆ

ಬ್ಲ್ಯಾಕ್‌ಹಾರ್ನ್ ಅಂದಿರಲ್ಲ, ಅರ್ಧ ಕಥೆ ಅಲ್ಲೇ ಮುಗಿಯಿತು ಮಾರಾಯರೆ. ನಾನು ಒಂಬತ್ತು ವರ್ಷ ಮಿಶಿಗನ್‌ನಲ್ಲಿದ್ದೆ, ಈ ಮದ್ದಿನ ಜೊತೆ ಗುದ್ದಾಡಿದ್ದೇನೆ.

ಕರಿ ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ಸುಟ್ಟ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಪುಡಿಯಾಗಿಯೇ ಉಳಿಯುತ್ತದೆ, ಅದರಲ್ಲಿ ಬಹುಪಾಲು ಪೊಟ್ಯಾಸಿಯಂ ಲವಣ. ಅದು ನೀರಿಗೆ ಕರಗುತ್ತದೆ. ಗಾಳಿಯ ತೇವವನ್ನೂ ಎಳೆಯುತ್ತದೆ, ಹಾಗಾಗಿ ಅದೇ ದಿನ ತೊಳೆಯದಿದ್ದರೆ ನಳಿಗೆ ತುಕ್ಕು. ನಮ್ಮ ಗೋವಾದ ಜುಲೈ ಗಾಳಿಯಲ್ಲಾದರೆ ಬೆಳಗಾಗುವುದರೊಳಗೆ ಕೆಂಪು. ನಿಮ್ಮ ಭಾವನ ತಂದೆ ಬಿಸಿನೀರಿನಲ್ಲಿ ತೊಳೆಯುತ್ತಿದ್ದದ್ದು ನೂರಕ್ಕೆ ನೂರು ಸರಿ. ಕರಿ ಮದ್ದಿನ ಬದಲಿಗೆ ಬಳಸುವ ಪೈರೊಡೆಕ್ಸ್, ಟ್ರಿಪಲ್ ಸೆವೆನ್‌ಗೂ ನೀರು ನಡೆಯುತ್ತದೆ. ಆದರೆ ಬ್ಲ್ಯಾಕ್‌ಹಾರ್ನ್ ನೈಟ್ರೊಸೆಲ್ಯುಲೋಸ್ ಜಾತಿಯದು. ಅದರ ಮಸಿಗೆ ನೀರು ಕಂಡರೆ ಲೆಕ್ಕಕ್ಕಿಲ್ಲ. ಸಾಮಾನ್ಯ ರೈಫಲ್‌ಗೆ ಬಳಸುವ ಬೋರ್ ಸಾಲ್ವೆಂಟ್ ಬೇಕು. ಬಟ್ಟೆ ಚೂರಿಗೆ ಸಾಲ್ವೆಂಟ್ ಹಾಕಿ ನಳಿಗೆಯಲ್ಲಿ ಆಡಿಸಿ, ಸ್ವಲ್ಪ ಹೊತ್ತು ಬಿಟ್ಟು ಬ್ರಷ್, ಆಮೇಲೆ ಒಣ ಬಟ್ಟೆ ಬಿಳಿಯಾಗಿ ಬರುವ ತನಕ. ಪ್ಲಗ್ಗನ್ನು ಸಾಲ್ವೆಂಟ್‌ನಲ್ಲೇ ನೆನೆಹಾಕಬೇಕು.

ಇಷ್ಟಾದರೂ ಪ್ಲಗ್‌ನ ಒಳಗಿನ ಬೆಂಕಿ ಕಾಲುವೆಯಲ್ಲಿ ಗಟ್ಟಿ ಇಂಗಾಲ ಉಳಿಯುತ್ತದೆ, ನಿಮ್ಮ ಭಾವ ನೋಡಿದ್ದು ಅದನ್ನೇ. ಅದಕ್ಕೆ ಡ್ರಿಲ್ ಬಿಟ್, ಬಹಳಷ್ಟು ಪ್ಲಗ್‌ಗಳಿಗೆ 1/8 ಇಂಚಿನದು ಸರಿಹೋಗುತ್ತದೆ, ಬೆರಳಲ್ಲಿ ಹಿಡಿದು ತಿರುಗಿಸಬೇಕು. ಮೆಷಿನ್ ಬೇಡ. ಲೋಹ ಕೊರೆಯುವುದಲ್ಲ, ಇಂಗಾಲ ಕೆರೆಯುವುದು. ಮುಂದಿನ ಸಣ್ಣ ತೂತಿಗೆ ಆ ಬಿಟ್ ತಾಗಲೇಬಾರದು. ಆ ತೂತು ಹೊಸದರಲ್ಲಿ ಸುಮಾರು 0.030 ಇಂಚು, ಅಂದರೆ ನಿಮ್ಮ ಲೆಕ್ಕದಲ್ಲಿ 0.76 ಮಿಮೀ. 0.9 ಮಿಮೀ ಪಿನ್ ಸಲೀಸಾಗಿ ಹೋಗುವಷ್ಟಾದರೆ ಪ್ಲಗ್ ಬದಲಿಸುವ ಹೊತ್ತು. ಹೊಸದನ್ನೂ ಅಳೆಯಿರಿ. ಹೊಸದು ಅಂದ ಮಾತ್ರಕ್ಕೆ ಸರಿ ಇರಬೇಕಂತಿಲ್ಲ.

ಇನ್ನು ಪ್ರೈಮರ್. ಡಬ್ಬಿ ಮೇಲೆ ಮಜಲ್‌ಲೋಡರ್ ಅಂತ ಬರೆದಿದೆ, ಅದನ್ನೇ ಕೊಂಡರೆ ತಪ್ಪು ಹೇಗಾಗುತ್ತದೆ ಅಂತ ನನಗೂ ಮೊದಲು ತಲೆಗೆ ಹೋಗಿರಲಿಲ್ಲ. ಅಂಥ ಪ್ರೈಮರ್‌ಗಳಲ್ಲಿ ಕೆಲವನ್ನು ಬೇಕಂತಲೇ ಮೆದು ಮಾಡಿರುತ್ತಾರೆ, ಟ್ರಿಪಲ್ ಸೆವೆನ್ ಹಾಕಿದಾಗ ನಳಿಗೆಯ ತಳದಲ್ಲಿ ಕಟ್ಟುವ ಗಟ್ಟಿ ಬಳೆ ಕಡಿಮೆಯಾಗಲಿ ಅಂತ. ಬ್ಲ್ಯಾಕ್‌ಹಾರ್ನ್‌ಗೆ ಬೇಕಾದದ್ದು ಉಲ್ಟಾ, ಬಿಸಿ ಪ್ರೈಮರ್. ಫೆಡರಲ್ 209ಎ, ಇಲ್ಲವೇ ಸಿಸಿಐ 209ಎಂ.

ಕೊನೆಗೆ ಪ್ರೈಮರ್ ಹೊರಮೈಯ ಮಸಿ. ಪ್ಲಗ್‌ನ ಪ್ರೈಮರ್ ಗುಂಡಿ ಆಳ ಜಾಸ್ತಿ ಇದ್ದರೆ ಕೋವಿ ಮುಚ್ಚಿದಾಗ ಪ್ರೈಮರ್‌ನ ಬೆನ್ನಿಗೆ ಆಸರೆ ಸಿಗುವುದಿಲ್ಲ. ಸಿಡಿದಾಗ ಅದು ಹಿಂದೆ ಜಾರುತ್ತದೆ, ಗ್ಯಾಸು ಪಕ್ಕದಿಂದ ಬರುತ್ತದೆ, ಮುಂದೆ ಹೋಗಬೇಕಾದ ಬೆಂಕಿ ಸ್ಕೋಪಿಗೆ ಹೋಗುತ್ತದೆ. ಪರೀಕ್ಷೆ ಸುಲಭ. ನಳಿಗೆ ಖಾಲಿ ಇದೆ ಅಂತ ಗಜ ಇಳಿಸಿ ಖಚಿತ ಮಾಡಿಕೊಂಡು, ಒಮ್ಮೆ ಹೊಡೆದು ಖಾಲಿಯಾದ, ಉಬ್ಬಿರದ ಪ್ರೈಮರ್ ಹಾಕಿ ಕೋವಿ ಮುಚ್ಚಿ. ಚೂರು ಬಿಗಿ ಅನಿಸಬೇಕು. ಅನಿಸದಿದ್ದರೆ ಅದರ ಬೆನ್ನಿಗೆ ಸೆಲ್ಲೋಟೇಪ್ ಒಂದೊಂದೇ ಪದರ ಅಂಟಿಸುತ್ತಾ ಬನ್ನಿ. ಬಿಗಿಯಾದಾಗ ನಿಲ್ಲಿಸಿ ಅಷ್ಟು ಟೇಪ್‌ನ ದಪ್ಪ ಅಳೆದರೆ ಸಂದು ಎಷ್ಟು ಅಂತ ಗೊತ್ತಾಗುತ್ತದೆ.

ಮಾಟುಂಗಾ ಫಿಲ್ಟರ್

ಇಷ್ಟೆಲ್ಲ ಯಾಕೆ ಸ್ವಾಮಿ. ನನ್ನ ಗೆಳೆಯ ಒಬ್ಬ ಹೇಳುತ್ತಿದ್ದ, 12 ಬೋರ್ ತೋಟಾ ಒಡೆದು ಅದರ ಮದ್ದು ಹಾಕಿದರೆ ಹೊಗೆಯೂ ಇಲ್ಲ, ಮಸಿಯೂ ಇಲ್ಲ, ತೊಳೆಯುವ ಗೋಳೇ ಇಲ್ಲ ಅಂತ.

ತೋಕ್‌ಪೂ

ಮಾಟುಂಗಾದವರೇ, ನಿಮ್ಮ ಗೆಳೆಯನಿಗೆ ಹತ್ತೂ ಬೆರಳು ಇನ್ನೂ ಇವೆಯಾ? ತೋಟಾದಲ್ಲಿರುವುದು ಹೊಗೆರಹಿತ ಮದ್ದು. ಅದರ ಒತ್ತಡ ಏರುವ ರೀತಿಯೇ ಬೇರೆ, ಕರಿ ಮದ್ದಿನ ನಳಿಗೆ ಅದನ್ನು ತಡೆಯುವುದಿಲ್ಲ. ಸ್ಯಾವೇಜ್‌ನ 10ಎಂಎಲ್-II ಥರದ ಒಂದೆರಡನ್ನು ಅದಕ್ಕೆಂದೇ ಗಟ್ಟಿಯಾಗಿ ಕಟ್ಟಿದ್ದರು, ಉಳಿದವಕ್ಕೆ ಚಿಟಿಕೆಯಷ್ಟೂ ಕೂಡದು. ಬ್ಲ್ಯಾಕ್‌ಹಾರ್ನ್ ಕೂಡ ಅದೇ ಜಾತಿ ಅಲ್ವಾ ಅಂತ ಕೇಳಬೇಡಿ, ಅದನ್ನು ಮಜಲ್‌ಲೋಡರ್‌ನ ಒತ್ತಡಕ್ಕೆ ಹೊಂದುವಂತೆಯೇ ಮಾಡಿದ್ದಾರೆ. ಅದಕ್ಕೂ ಅಳತೆಯ ಗೊಂದಲ ಇದೆ. ಮಜಲ್‌ಲೋಡರ್ ಮದ್ದಿನ ಗ್ರೇನ್ ಲೆಕ್ಕ ಗಾತ್ರದ್ದು, ತಕ್ಕಡಿಯದ್ದಲ್ಲ. ಗಾತ್ರದಲ್ಲಿ 100 ಗ್ರೇನ್ ಬ್ಲ್ಯಾಕ್‌ಹಾರ್ನ್ ತೂಗಿದರೆ ಸುಮಾರು 70 ಗ್ರೇನ್ ಬರುತ್ತದೆ. ತಕ್ಕಡಿಯಲ್ಲಿ 100 ತೂಗಿ ಸುರಿದರೆ ನಳಿಗೆಗೆ ಎಷ್ಟು ಹೋಯಿತು ಅಂತ ನೀವೇ ಲೆಕ್ಕ ಹಾಕಿ.

ಮಾಟುಂಗಾ ಫಿಲ್ಟರ್

ಆಯಿತು ಸರ್, ನಾನು ಕಾಫಿ ವಿಷಯಕ್ಕೇ ಇರುತ್ತೇನೆ.

ಭೋಸರಿ ಟರ್ನರ್

ಎರಡು ವಾರದ ಮೇಲೆ ಬರೆಯುತ್ತಿದ್ದೇನೆ. ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ ಭಾವನ ಗ್ಯಾರೇಜು, ಇಲ್ಲಿ ನಾನು ನೈಟ್ ಶಿಫ್ಟ್ ಮುಗಿಸಿ ಚಹಾ ಹಿಡಿದು ಕೂತವನು.

ಮಾರ್ಕರ್ ಪರೀಕ್ಷೆ ಮೊದಲು. ಹಸಿರು ಬಣ್ಣ ಅರ್ಧ ಸುತ್ತು ಮಾತ್ರ ಉಜ್ಜಿತ್ತು. ಡೊಂಬಿವಲಿಯವರು ಹೇಳಿದ್ದೇ ನಿಜ. ಟಾರ್ಚ್ ಹಾಕಿ ನೋಡಿದರೆ ಮೆಟ್ಟಿಲ ಮೇಲೆ ಹಳೇ ಇಂಗಾಲ ಉಗುರಿನ ಹಾಗೆ ಅಂಟಿತ್ತು, ಅದರ ಜೊತೆ ಟೆಫ್ಲಾನ್ ಟೇಪಿನ ಚೂರುಗಳು. ಟೇಪ್ ಮೂತಿಯ ತನಕ ಸುತ್ತಿದ್ದರು, ಅದು ಕತ್ತರಿಸಿಕೊಂಡು ಮೂತಿಗೂ ಮೆಟ್ಟಿಲಿಗೂ ನಡುವೆ ಸಿಕ್ಕಿತ್ತು. ಸಾಲ್ವೆಂಟ್ ಹಚ್ಚಿ, ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ, ಮತ್ತೆ ಮಾರ್ಕರ್. ಈಗ ಪೂರ್ತಿ ಸುತ್ತು. ಅಂದರೆ ಪ್ಲಗ್‌ನ ಮೂತಿ ಸೊಟ್ಟ ಇರಲಿಲ್ಲ, ಸುಮ್ನೆ ಬೈದೆವು.

ಆದರೆ ಸೆಲ್ಲೋಟೇಪ್ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಆರು ಪದರ ಅಂಟಿಸಿದ ಮೇಲೆ ಬಿಗಿ ಬಂತು. ಒಟ್ಟು 0.3 ಮಿಮೀ. ನಮ್ಮ ಶಾಪಿನಲ್ಲಿ ಮೂರು ಹತ್ತಾಂಶ ಬಿಟ್ಟರೆ ಇನ್ಸ್‌ಪೆಕ್ಷನ್‌ನವರು ಪೀಸ್ ಮುಖಕ್ಕೇ ಎಸೆಯುತ್ತಾರೆ. ಗಜದ ಗುರುತಿನಲ್ಲೂ 4 ಮಿಮೀ ವ್ಯತ್ಯಾಸ, ಹೊಸ ಪ್ಲಗ್ ಮೂತಿ ಗಿಡ್ಡ. ಭಾವ ಹಳೇ ಗೀರು ಬಂದ ತಕ್ಷಣ ಗುಂಡು ಕೂತಿತು ಅಂತ ನಿಲ್ಲಿಸುತ್ತಿದ್ದರು. ತೋಕ್‌ಪೂ ಸರ್, ನೀವು ಬರೆದದ್ದನ್ನು ಓದಿ ಹೇಳಿದಾಗ ಅಕ್ಕ ಫೋನ್ ಕಿತ್ತುಕೊಂಡು ಅವರಿಗೆ ಬೈದದ್ದು ನನಗೂ ಕೇಳಿಸಿತು.

ಪ್ಲಗ್ ವಾಪಸ್ ಕಳಿಸಿದರು, ಮಾರಿದವರು ದುಡ್ಡು ಕೊಟ್ಟರು. ಕಂಪನಿಯ ಪ್ಲಗ್ಗೇ ಹೊಸದು ತರಿಸಿ, ಥ್ರೆಡ್ಡಿಗೆ ಮಾತ್ರ ತೆಳ್ಳಗೆ ಆಂಟಿ-ಸೀಜ್ ಹಚ್ಚಿ, ಮೂತಿ ಒರೆಸಿ, ಕೈ ಬಿಗಿ ಮಾಡಿದರು. ಗಜಕ್ಕೆ ಹೊಸ ಗೀರು. ಪ್ರೈಮರ್ ಫೆಡರಲ್ 209ಎ. ರೇಂಜ್‌ನಲ್ಲಿ ಮೊದಲು ಬರೀ ಪ್ರೈಮರ್ ಎರಡು ಹೊಡೆದರು, ಮದ್ದಿಲ್ಲ ಗುಂಡಿಲ್ಲ, ಬಾಯಿಯ ಮುಂದಿನ ಹುಲ್ಲು ಅಲ್ಲಾಡಿತು, ಅಂದರೆ ದಾರಿ ತೆರೆದಿದೆ, ಉಳಿದ ಎಣ್ಣೆ ಪಸೆಯೂ ಒಣಗಿತು. ಆಮೇಲೆ ಹನ್ನೆರಡು ಗುಂಡು. ಒಂದೂ ತಡವಾಗಲಿಲ್ಲ, ಪ್ರೈಮರ್ ಹೊರಗೆ ಮಸಿ ಇಲ್ಲ, ಮನೆಗೆ ಬಂದು ಪ್ಲಗ್ ಕೈಯಲ್ಲೇ ತಿರುಗಿ ಬಂತು.

ನನಗೊಂದೇ ಕಿರಿಕಿರಿ. ಪ್ಲಗ್ ಬದಲಿಸಿದ್ದು, ಪ್ರೈಮರ್ ಬದಲಿಸಿದ್ದು, ಮೆಟ್ಟಿಲು ಉಜ್ಜಿದ್ದು ಮೂರೂ ಒಟ್ಟಿಗೇ ಆಯಿತು. ಹ್ಯಾಂಗ್‌ಫೈರ್‌ಗೆ ನಿಜವಾದ ಕಾರಣ ಯಾವುದು ಅಂತ ಈಗ ಹೇಳುವುದು ಹೇಗೆ?

ಮಡಗಾಂವ್ ಮಳೆ

ಹೇಳಲಾಗುವುದಿಲ್ಲ. ಆ ಮೆದು ಪ್ರೈಮರ್ ಡಬ್ಬಿ ಉಳಿದಿದ್ದರೆ ಹೊಸ ಪ್ಲಗ್‌ನಲ್ಲಿ ಅದನ್ನೇ ಹಾಕಿ ಹತ್ತು ಹೊಡೆದು ನೋಡಿದರೆ ಸ್ವಲ್ಪ ಗೊತ್ತಾದೀತು. ಆದರೆ ಹ್ಯಾಂಗ್‌ಫೈರ್ ಬರಲಿ ಅಂತ ಬೇಕಂತಲೇ ಕಾಯುವ ಪ್ರಯೋಗ ಯಾರೂ ಮಾಡಬಾರದು. ನಿಮ್ಮ ಅಕ್ಕ ಬಿಡುವುದೂ ಇಲ್ಲ. ಸೀಸನ್ ಮುಗಿಯಲಿ, ಆ ಡಬ್ಬಿಯನ್ನು ಟ್ರಿಪಲ್ ಸೆವೆನ್ ಹಾಕುವ ಯಾರಿಗಾದರೂ ಕೊಟ್ಟುಬಿಡಲಿ.

ಕುಂದಾಪ್ರ ಟು ಠಾಣೆ

ಮಧ್ಯದಲ್ಲಿ ಬಂದದ್ದಕ್ಕೆ ಕ್ಷಮಿಸಿ. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆ ಕೇಪಿನ ಕೋವಿ ಇದೆ, ಬೆಳೆ ರಕ್ಷಣೆಯ ಲೈಸೆನ್ಸು ಅಪ್ಪನ ಹೆಸರಿನಲ್ಲಿ. ಚುನಾವಣೆಗೆ ಪೊಲೀಸ್ ಠಾಣೆಯಲ್ಲಿಟ್ಟು ತಂದದ್ದು ಬಿಟ್ಟರೆ ವರ್ಷಗಳಿಂದ ಮುಟ್ಟಿಲ್ಲ. ಇದನ್ನೂ ಪ್ಲಗ್ ಬಿಚ್ಚಿಯೇ ತೊಳೆಯಬೇಕಾ?

ತೋಕ್‌ಪೂ

ಬೇಡ. ಹಳೇ ಕೇಪಿನ ಕೋವಿಯ ಪ್ಲಗ್ ಪದೇ ಪದೇ ಬಿಚ್ಚಲೆಂದು ಮಾಡಿದ್ದಲ್ಲ. ಒತ್ತಾಯ ಮಾಡಿದರೆ ಥ್ರೆಡ್ಡು ಹೋಗುತ್ತದೆ. ಕೇಪು ಕೂರಿಸುವ ನಿಪ್ಪಲ್ ತೆಗೆದು ಆ ತೂತನ್ನು ಬಿಸಿನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಗಜಕ್ಕೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಿದರೆ ಪಂಪಿನ ಹಾಗೆ ನೀರು ಒಳಗೆಳೆದು ಹೊರಗೆ ತಳ್ಳುತ್ತದೆ. ನಮ್ಮ ಮನೆಯಲ್ಲಿ ಸೆಪ್ಟೆಂಬರ್‌ನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ಗೆ ಮೊದಲು ಅಜ್ಜ ಮಾಡುತ್ತಿದ್ದದ್ದು ಇದನ್ನೇ. ನೀರು ಬಿಸಿ ಇದ್ದಷ್ಟೂ ನಳಿಗೆ ತಾನಾಗಿ ಒಣಗುತ್ತದೆ, ಆಮೇಲೆ ತೆಳ್ಳಗೆ ಎಣ್ಣೆ.

ಆದರೆ ಇದೆಲ್ಲಕ್ಕೂ ಮೊದಲು ಅಪ್ಪನಿಗೆ ಒಂದು ಕೆಲಸ ಹೇಳಿ. ನಳಿಗೆಯ ಬಾಯಿ ಯಾರ ಕಡೆಗೂ ತಿರುಗದಂತೆ, ತನ್ನ ಕಡೆಗೂ ಬಾರದಂತೆ ಹಿಡಿದು ಗಜ ನಿಧಾನ ಇಳಿಸಿ, ಬಾಯಿಯ ಹತ್ತಿರ ಬೆರಳಿಟ್ಟು ಹೊರಗೆ ತೆಗೆದು, ನಳಿಗೆಯ ಪಕ್ಕಕ್ಕೆ ಹಿಡಿದು ನೋಡಲಿ. ಗಜದ ತುದಿ ಹೆಚ್ಚು ಕಡಿಮೆ ನಿಪ್ಪಲ್ ಇರುವಲ್ಲಿಗೆ ಬರಬೇಕು. ಮೂರು ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಅಜ್ಜನ ಈಡು ಹಾಗೇ ಇದೆ ಅಂತ ತಿಳಿಯಿರಿ. ಹಳೇ ಮನೆಗಳ ಅಟ್ಟದಲ್ಲಿ ಇದು ಅಪರೂಪವಲ್ಲ. ಆಗ ನೀವು ಕೆರೆಯಲು ಹೋಗಬೇಡಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನು ಕರೆಯಿರಿ.

ಕುಂದಾಪ್ರ ಟು ಠಾಣೆ

ಈಗಷ್ಟೇ ಅಪ್ಪನಿಗೆ ಫೋನ್ ಮಾಡಿದೆ. ಗಜ ಐದು ಬೆರಳು ಮೊದಲೇ ನಿಲ್ಲುತ್ತಿದೆಯಂತೆ. ಕೋವಿಯನ್ನು ತೆಂಗಿನ ತೋಟದ ಕಡೆ ಮುಖ ಮಾಡಿ ಇಟ್ಟು, ಮನೆಯವರೆಲ್ಲ ಜಗಲಿಯಿಂದ ಒಳಗೆ ಹೋಗಿದ್ದಾರೆ. ನಾಳೆ ರಿಪೇರಿಯವರು ಬರುತ್ತಾರೆ.